ನೋವು ಮೇಲೇರುತ್ತಿದೆಯೇ, ಕೆಳಗಿಳಿಯುತ್ತಿದೆಯೇ?

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಆನೆಗಳ ಸಾಲು ಎಲ್ಲಕ್ಕಿಂತ ಕೆಳಗಿದೆ. ಒಂದಾನೆಯಂತೆ ಇನ್ನೊಂದಿಲ್ಲ ಎಂದು ಗೈಡ್ ಹೇಳಿದ್ದೇ ತಡ, ನೋಡಲು ಬಂದವರು ಸೊಂಟ ಬಗ್ಗಿಸಿ ಇಣುಕುತ್ತಾರೆ. ಗಂಟೆಗಟ್ಟಲೆ ಬಸ್ಸಿನಲ್ಲಿ ಕೂತು ಬಂದ ಬೆನ್ನದು. ಕೆಲವರಿಗೆ ಆಗಲೇ ಸೊಂಟದಿಂದ ಮೀನಖಂಡದವರೆಗೆ ಮಿಂಚು ಹರಿದಂತಾಗುತ್ತದೆ. ಗೋಡೆ ಹಿಡಿದು ನಿಲ್ಲುತ್ತಾರೆ.

ಹೀಗೆ ಬಗ್ಗಿದಾಗ ಬೆನ್ನಿನೊಳಗೆ ಬೀಳುವ ಒತ್ತಡವನ್ನು ಅಳೆದವರಿದ್ದಾರೆ. ಜರ್ಮನಿಯ ಹನ್ಸ್-ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕನೊಬ್ಬನ ಸೊಂಟದ ಡಿಸ್ಕಿನೊಳಗೆ ಪುಟ್ಟ ಸಂವೇದಕವಿಟ್ಟು ಹಗಲು ರಾತ್ರಿ ಒತ್ತಡ ದಾಖಲಿಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲಗಿದ್ದಾಗ 0.1 ಮೆಗಾಪ್ಯಾಸ್ಕಲ್, ನೆಟ್ಟಗೆ ನಿಂತಾಗ 0.5, ಮುಂದಕ್ಕೆ ಬಗ್ಗಿದಾಗ 1.1. ಇಪ್ಪತ್ತು ಕಿಲೊ ತೂಕವನ್ನು ಬೆನ್ನು ಬಾಗಿಸಿ ಎತ್ತಿದಾಗ 2.3, ಅದೇ ತೂಕವನ್ನು ಮಂಡಿ ಮಡಚಿ ಎತ್ತಿದಾಗ 1.7. ಒಬ್ಬನೇ ಮನುಷ್ಯನ ಅಳತೆ ಇದು, ನಿಜ. ಆದರೂ ಸೊಂಟ ಯಾವ ಭಂಗಿಯಲ್ಲಿ ನಲುಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ. ಆನೆಗಳನ್ನು ನೋಡಲೇಬೇಕು, ಒಂದು ಮಂಡಿಯೂರಿ ಕೂತು ನೋಡಿದರೆ ಬೆನ್ನು ನೆಟ್ಟಗಿರುತ್ತದೆ.

ಅರಸೀಕೆರೆಯ ಕಡೆಗೆ ಹೋದರೆ ಇದೇ ಬಗ್ಗುವಿಕೆ ಹೊಟ್ಟೆಪಾಡು. ಕೊಬ್ಬರಿಯ ಊರದು. ನೆಲದಲ್ಲಿ ನೆಟ್ಟ ಮೊನಚು ಕಬ್ಬಿಣಕ್ಕೆ ತೆಂಗಿನಕಾಯಿ ಚುಚ್ಚಿ, ಮೈಭಾರ ಹಾಕಿ ಒತ್ತಿ, ಪಕ್ಕಕ್ಕೆ ತಿರುಚಿ ಸಿಪ್ಪೆ ಬಿಡಿಸುವ ಆಳು ದಿನವಿಡೀ ಮಾಡುವುದು ಮೂರೇ ಕೆಲಸ: ಬಗ್ಗುವುದು, ಒತ್ತುವುದು, ತಿರುಚುವುದು. ಡಿಸ್ಕಿಗೆ ಈ ಮೂರೂ ಒಟ್ಟಿಗೆ ಬಂದಷ್ಟು ಕೆಟ್ಟದ್ದು ಇನ್ನೊಂದಿಲ್ಲ. ರಾಗಿ ಕೊಯ್ಲು, ಬೇಲೂರು ಕಡೆಯ ಕಾಫಿ ಮೂಟೆ ಹೊರುವುದು ಎಲ್ಲವೂ ಇದೇ ಜಾತಿಯ ಕೆಲಸಗಳು. "ನರ ಹಿಡ್ಕೊಂಡದೆ, ಕಾಲು ಎಳೀತದೆ" ಎಂಬ ಮಾತು ಇಲ್ಲಿ ಮನೆಮನೆಯಲ್ಲೂ ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಹಿಡಿದುಕೊಂಡಿರುವುದು ಏನು? ಬೆನ್ನೆಲುಬಿನ ಮಣಿಗಳ ನಡುವೆ ಇರುವ ಡಿಸ್ಕ್ ಒಂದು ಮೆತ್ತೆ. ಹೊರಗೆ ನಾರಿನ ಬಿಗಿ ಸುತ್ತು, ಒಳಗೆ ಲೋಳೆಯಂಥ ತಿರುಳು. ಸುತ್ತು ಸೀಳಿದರೆ ತಿರುಳು ಹಿಂದಕ್ಕೆ ಜಾರಿ ನರದ ಬೇರನ್ನು ಮುಟ್ಟುತ್ತದೆ. ಹೀಗಾಗುವುದು ಬಹುತೇಕ ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ. ಅಲ್ಲಿಂದ ಹೊರಟ ಬೇರುಗಳು ಸೇರಿ ಸಯಾಟಿಕ್ ನರವಾಗುತ್ತವೆ. ಹೆಬ್ಬೆರಳಿನ ಗಾತ್ರದ, ದೇಹದಲ್ಲೇ ಅತಿ ದಪ್ಪನೆಯ ನರವದು. ಅದಕ್ಕೇ ಪೆಟ್ಟು ಸೊಂಟದಲ್ಲಿ, ಕೂಗು ಪಾದದಲ್ಲಿ. ಆಯುರ್ವೇದ ಇದನ್ನು ಗೃಧ್ರಸಿ ಎಂದು ಕರೆದಿದೆ. ನೋಯುವ ಕಾಲನ್ನು ಎಳೆಯುತ್ತ ನಡೆಯುವವನ ನಡಿಗೆ ಹದ್ದಿನ ನಡಿಗೆಯಂತೆ ಕಂಡದ್ದರಿಂದ ಬಂದ ಹೆಸರು ಎನ್ನುತ್ತಾರೆ. ನೋವಿಗೆ ಬರೀ ಒತ್ತಡವೇ ಕಾರಣವಲ್ಲ. ಜಾರಿದ ತಿರುಳಿನ ರಾಸಾಯನಿಕಗಳು ನರದಲ್ಲಿ ಉರಿಯೂತ ಎಬ್ಬಿಸುತ್ತವೆ. ಈ ಉರಿ ಇಳಿಯಬಲ್ಲದು. ಜಾರಿದ ತುಣುಕನ್ನು ದೇಹವೇ ಕರಗಿಸುವುದೂ ಸಾಮಾನ್ಯ. ವಿಚಿತ್ರವೆಂದರೆ ಪೂರ್ತಿ ಕಳಚಿಬಿದ್ದ ತುಣುಕು ಬರೀ ಉಬ್ಬಿದ ಡಿಸ್ಕಿಗಿಂತ ಹೆಚ್ಚಾಗಿ ಕರಗುತ್ತದೆ.

ಹಾಗಿದ್ದರೆ ಕರಗುವವರೆಗೆ ಮಲಗಿರಬೇಕೇ? ತಲೆಮಾರುಗಳ ಕಾಲ ಡಾಕ್ಟರುಗಳೂ ಅದನ್ನೇ ಹೇಳಿದರು. 1999ರಲ್ಲಿ ನೆದರ್‌ಲೆಂಡ್ಸಿನ ವೈದ್ಯರು 183 ಸಯಾಟಿಕಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ವಾರ ಹಾಸಿಗೆ, ಇನ್ನೊಂದಕ್ಕೆ ಆದಷ್ಟು ಓಡಾಟ ಎಂದು ನೋಡಿದರು. ಹನ್ನೆರಡು ವಾರಗಳ ಹೊತ್ತಿಗೆ ಎರಡರಲ್ಲೂ ಶೇ 87ರಷ್ಟು ಮಂದಿ ಸುಧಾರಿಸಿದ್ದರು. ಮಲಗಿದವರಿಗೆ ಯಾವ ಲಾಭವೂ ಆಗಿರಲಿಲ್ಲ. ದಿನಗೂಲಿಯಲ್ಲಿ ಬದುಕುವವರಿಗೆ ಈ ಫಲಿತಾಂಶದ ಬೆಲೆ ದೊಡ್ಡದು. ಅದು ಇನ್ನೂ ಹಳ್ಳಿಗಳಿಗೆ ಸರಿಯಾಗಿ ತಲುಪಿಲ್ಲ ಎಂಬುದೇ ಬೇಸರ. ನೋವು ವಿಪರೀತವಿದ್ದಾಗ ಒಂದೆರಡು ದಿನ ಮಲಗಲಿ, ಆಮೇಲೆ ಎದ್ದು ನಡೆಯಲಿ. ಸಮತಟ್ಟು ನೆಲದಲ್ಲಿ, ಹತ್ತು ಹತ್ತು ನಿಮಿಷದಂತೆ, ದಿನಕ್ಕೆ ಮೂರು ನಾಲ್ಕು ಸಲ.

ನಡಿಗೆಯಾಚೆಗಿನ ವ್ಯಾಯಾಮಕ್ಕೆ ಬಂದಾಗ ಗೊಂದಲ ಶುರುವಾಗುತ್ತದೆ. ಇಲ್ಲಿ ದಾರಿ ತೋರಿಸುವುದು ನೋವೇ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1956ರಲ್ಲಿ ಕಾಲುನೋವಿನ ರೋಗಿಯೊಬ್ಬನಿಗೆ ಮಂಚದ ಮೇಲೆ ಬೋರಲು ಮಲಗಿರಲು ಹೇಳಿದರು. ಆ ಮಂಚದ ಒಂದು ತುದಿ ಮೇಲಕ್ಕೆ ಎತ್ತಿತ್ತು. ರೋಗಿ ಅದರ ಮೇಲೆಯೇ ಮಲಗಿ ಬೆನ್ನು ಹಿಂದಕ್ಕೆ ಬಾಗಿಸಿಕೊಂಡಿದ್ದ. ಮರಳಿ ಬಂದು ನೋಡಿದರೆ ವಾರಗಟ್ಟಲೆ ಕಾಡಿದ್ದ ಕಾಲುನೋವು ಮಾಯ. ಅಂದಿನಿಂದ ಮೆಕೆಂಜಿ ಗಮನಿಸುತ್ತ ಹೋದ ಸಂಗತಿ ಇದು: ಒಂದು ಚಲನೆ ಮಾಡಿದಾಗ ನೋವು ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಹಿಂದೆ ಸರಿದರೆ ಅದು ಒಳ್ಳೆಯ ಸೂಚನೆ, ಸೊಂಟದಲ್ಲಿ ನೋವು ತುಸು ಹೆಚ್ಚಾದರೂ ಸರಿ. ಸೊಂಟ ಹಗುರಾಗಿ ನೋವು ಕಾಲಿಗೆ ಇಳಿದರೆ ಆ ಚಲನೆ ಕೂಡದು. ಡಿಸ್ಕ್ ಜಾರಿದ ಹಲವರಿಗೆ ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು, ಅಂದರೆ ಭುಜಂಗಾಸನದ ಮೆದು ರೂಪ, ಹಿತ ಕೊಡುತ್ತದೆ.

ಭುಜಂಗಾಸನ ಎಂದಾಗ ಹಾಸನದ ಪಕ್ಕದ ಕೌಶಿಕ ನೆನಪಾಗುತ್ತದೆ. ಅಷ್ಟಾಂಗ ಯೋಗವನ್ನು ಜಗತ್ತಿಗೆ ಹಂಚಿದ ಕೆ. ಪಟ್ಟಾಭಿ ಜೋಯಿಸರು 1915ರಲ್ಲಿ ಹುಟ್ಟಿದ ಹಳ್ಳಿಯದು. ಬಾಲಕನಾಗಿದ್ದಾಗ ಹಾಸನದಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ಕಂಡು ಅವರ ಶಿಷ್ಯರಾದವರು. ಅವರು ಕಲಿಸಿದ ಮೊದಲ ಸರಣಿಗೆ ಯೋಗಚಿಕಿತ್ಸೆ ಎಂದೇ ಹೆಸರು. ಆದರೆ ಅದರ ತುಂಬ ಇರುವುದು ಪಶ್ಚಿಮೋತ್ತಾನಾಸನದಂಥ ಮುಂದಕ್ಕೆ ಬಾಗುವ ಆಸನಗಳು. ಆರೋಗ್ಯವಂತ ಬೆನ್ನಿಗೆ ಅವು ಸೊಗಸು. ಡಿಸ್ಕ್ ಜಾರಿ ಕಾಲು ಜೋಮು ಹಿಡಿದಿರುವಾಗ ಅವನ್ನು ಬದಿಗಿಡಬೇಕು, ಸೂರ್ಯನಮಸ್ಕಾರದ ಪಾದಹಸ್ತಾಸನವನ್ನೂ. ತೊಡೆಯ ಹಿಂಭಾಗ ಬಿಗಿದಿದೆ ಎಂದು ಕಾಲು ನೀಡಿ ಎಳೆಯುವವರು ಎಷ್ಟೋ ಸಲ ಎಳೆಯುತ್ತಿರುವುದು ಸ್ನಾಯುವನ್ನಲ್ಲ, ಕೆರಳಿದ ನರವನ್ನೇ. ಎದ್ದು ಕೂರುವ ಹೊಟ್ಟೆಯ ಕಸರತ್ತು, ಗರಡಿಯ ಬಸ್ಕಿ ಕೂಡ ಸದ್ಯಕ್ಕೆ ಬೇಡ. ಬದಲಿಗೆ ಅಂಗೈ ಮಂಡಿ ಊರಿ ನಿಂತು, ಬಲಗೈ ಮುಂದಕ್ಕೆ ಎಡಗಾಲು ಹಿಂದಕ್ಕೆ ಚಾಚಿ ಕೆಲವು ಕ್ಷಣ ನಿಲ್ಲುವುದು, ಮತ್ತೆ ಕೈಕಾಲು ಬದಲಿಸುವುದು. ಸೊಂಟ ಅಲುಗದೆ ಸುತ್ತಲಿನ ಸ್ನಾಯುಗಳು ಗಟ್ಟಿಯಾಗುತ್ತವೆ.

ಹೊತ್ತೂ ಮುಖ್ಯ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವೆಲ್ಲ ಒಂದೆರಡು ಸೆಂಟಿಮೀಟರ್ ಎತ್ತರ ಹೆಚ್ಚಿರುತ್ತೇವೆ. ಉಬ್ಬಿದ ಡಿಸ್ಕ್ ಬಗ್ಗಿದರೆ ಹೆಚ್ಚು ಬಿಗಿಯುತ್ತದೆ. ಮುಂಜಾನೆ ಬಗ್ಗುವುದನ್ನು ತಪ್ಪಿಸಿದ ರೋಗಿಗಳಲ್ಲಿ ಬೆನ್ನುನೋವು ಇಳಿದದ್ದನ್ನು ಅಮೆರಿಕದ ಸ್ಟೋವರ್ ಸ್ನೂಕ್ ತಂಡ 1998ರಲ್ಲಿ ತೋರಿಸಿತು. ನಮ್ಮ ಹೆಂಗಸರು ಎದ್ದ ಕೂಡಲೇ ಮಾಡುವುದೇನು? ಮೋಟು ಪೊರಕೆಯಲ್ಲಿ ಅಂಗಳ ಗುಡಿಸುವುದು, ಬಗ್ಗಿ ರಂಗೋಲಿ ಹಾಕುವುದು, ನೀರು ತುಂಬಿದ ಬಿಂದಿಗೆ ಎತ್ತುವುದು. ನೋವಿರುವಾಗ ಇವನ್ನು ಒಂದು ಗಂಟೆ ಮುಂದೂಡಬೇಕು, ಇಲ್ಲವೇ ಮನೆಯ ಗಂಡಸರು ಮಾಡಬೇಕು. ಪೊರಕೆಗೆ ಉದ್ದ ಹಿಡಿ ಕಟ್ಟಿಕೊಳ್ಳುವುದಂತೂ ಯಾವ ಮಾತ್ರೆಗೂ ಕಡಿಮೆಯಲ್ಲ.

ಎಲ್ಲರಿಗೂ ಹಿಂದಕ್ಕೆ ಬಾಗುವುದೇ ಮದ್ದಲ್ಲ.  ಬೇಲೂರಿನ ಚೆನ್ನಕೇಶವ ಗುಡಿಯ ಜಗತಿಯ ಮೇಲೆ ಅರ್ಧ ಸುತ್ತು ಹಾಕಿದ ಅಜ್ಜ ಕಾಲು ಭಾರವಾಗಿ ಕೂತುಬಿಡುತ್ತಾರೆ. ಐದು ನಿಮಿಷ ಮುಂದೆ ಬಾಗಿ ಕೂತರೆ ಮತ್ತೆ ನಡೆಯಬಲ್ಲರು. ಕತ್ತು ಹಿಂದೆ ಚೆಲ್ಲಿ, ಬೆನ್ನು ಬಿಲ್ಲಾಗಿಸಿ ಮೇಲಿನ ಮದನಿಕೆ ಶಿಲ್ಪಗಳನ್ನು ನೋಡಹೋದರೆ ಕಾಲು ಮತ್ತೆ ಮರಗಟ್ಟುತ್ತದೆ. ಇದು ವಯಸ್ಸಿನಿಂದ ನರದ ನಾಳ ಕಿರಿದಾದ ಲಕ್ಷಣ. ಹಿಂದಕ್ಕೆ ಬಾಗಿದರೆ ನಾಳ ಇನ್ನೂ ಕಿರಿದಾಗುತ್ತದೆ, ಮುಂದಕ್ಕೆ ಬಾಗಿದರೆ ಹಿಗ್ಗುತ್ತದೆ. ಇವರಿಗೆ ಸೈಕಲ್ ತುಳಿಯುವುದು, ಅಂಗಾತ ಮಲಗಿ ಮಂಡಿಯನ್ನು ಎದೆಗೆ ತರುವುದು ಒಗ್ಗುತ್ತದೆ. ಪಕ್ಕದ ಮನೆಯವರ ವ್ಯಾಯಾಮವನ್ನು ನೋಡಿ ಮಾಡುವುದರ ಅಪಾಯ ಇಲ್ಲಿದೆ: ಮಗನಿಗೆ ಹಿತವಾದದ್ದು ಅಪ್ಪನಿಗೆ ನೋವು.

ಎಂಆರ್‌ಐ ವರದಿಯೂ ಒಂಟಿಯಾಗಿ ಏನನ್ನೂ ತೀರ್ಮಾನಿಸದು. 1994ರ ಅಮೆರಿಕದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯನ್ನು ಸ್ಕ್ಯಾನ್ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ವರದಿಯಲ್ಲಿ "ಬಲ್ಜ್" ಎಂದು ಓದಿ ಹೆದರಿ ಮೂಲೆ ಹಿಡಿದವರು ಇದನ್ನು ತಿಳಿದಿರಬೇಕು.

ಹೆದರಬೇಕಾದ ಗುರುತುಗಳು ಬೇರೆ ಇವೆ. ನಡೆಯುವಾಗ ಹವಾಯಿ ಚಪ್ಪಲಿ ಗೊತ್ತಿಲ್ಲದೆ ಕಾಲಿನಿಂದ ಜಾರುತ್ತಿದ್ದರೆ, ಹಿಮ್ಮಡಿಯ ಮೇಲೆ ಅಥವಾ ತುದಿಗಾಲಿನಲ್ಲಿ ನಡೆಯಲಾಗದಿದ್ದರೆ ನರ ಸೋಲುತ್ತಿದೆ ಎಂದರ್ಥ. ವ್ಯಾಯಾಮ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟಿದರೆ, ಎರಡೂ ಕಾಲಿನ ಶಕ್ತಿ ಕುಗ್ಗಿದರೆ ಬೆನ್ನುಹುರಿಯ ಬುಡದ ನರಗಳ ಗೊಂಚಲೇ ಒತ್ತಿಹೋಗಿರಬಹುದು. ಆಗ ಉಳಿದಿರುವುದು ಗಂಟೆಗಳು, ದಿನಗಳಲ್ಲ. ಅರಸೀಕೆರೆಯಿಂದಾಗಲಿ ಬೇಲೂರಿನಿಂದಾಗಲಿ ಹಾಸನ ಸುಮಾರು 40 ಕಿ.ಮೀ. ನಾಟಿ ಎಣ್ಣೆ ತಿಕ್ಕುತ್ತ ಬೆಳಗಿನ ಬಸ್ಸಿಗೆ ಕಾಯದೆ, ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ ಹೊರಡಬೇಕು.