ಘಟ್ಟದ ಮೇಲಿನ ಮನೆಗೆ ಸರಿಜೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳ್ಳಿಗಳಲ್ಲಿ ತೋಟಕ್ಕೊಂದು ಮನೆ, ನಡುವೆ ಬೆಟ್ಟ, ಹಳ್ಳ. ವಾನಳ್ಳಿ ಕಡೆಯೋ ವಜ್ರಳ್ಳಿ ಕಡೆಯೋ ಇರುವ ಮಾಣಿಗೆ ಚೆಸ್ ಹುಚ್ಚು ಹಿಡಿದರೆ ಎದುರು ಕೂರಲು ಸಿಗುತ್ತಿದ್ದವರು ಇಬ್ಬರೇ: ಆಟ ಸರಿಯಾಗಿ ಬಾರದ ತಮ್ಮ, ಇಲ್ಲವೇ ಪ್ರತಿ ಸಲವೂ ಸೋಲಿಸುವ ದೊಡ್ಡಪ್ಪ. ತಮ್ಮನನ್ನು ಗೆದ್ದರೆ ಕಲಿಯುವುದೇನೂ ಇಲ್ಲ. ದೊಡ್ಡಪ್ಪನಿಗೆ ಸೋತೂ ಸೋತೂ ಒಂದು ದಿನ ಮಣೆ ಅಟ್ಟ ಸೇರುತ್ತಿತ್ತು. ಪೇಟೆಯ ಟೂರ್ನಿಗೆ ಹೋದರೋ, ಮೊದಲ ಸುತ್ತಿನಲ್ಲೇ ಕ್ಲಾಸಿಗೆ ಹೋಗಿ ಪಳಗಿದ ಹುಡುಗನ ಜೊತೆ ಜೋಡಿ ಬೀಳುತ್ತಿತ್ತು.

ಆನ್‌ಲೈನ್ ಚೆಸ್ ಇಂಥ ಮನೆಗಳಿಗೆ ತಂದುಕೊಟ್ಟದ್ದು ಸರಿಜೋಡಿಯನ್ನು. ಪಾಠದ ವಿಡಿಯೊ ಇತ್ಯಾದಿ ಆಮೇಲಿನದು.

ಇದರ ಹಿಂದಿನ ಲೆಕ್ಕ ಹಳೆಯದು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ 1970ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ 200 ಅಂಕ ಹೆಚ್ಚಿರುವವನಿಗೆ ನೂರರಲ್ಲಿ ಸುಮಾರು 76 ಪಾಲು ದಕ್ಕುತ್ತದೆ. 400 ಅಂತರವಿದ್ದರೆ 91. ದೊಡ್ಡಪ್ಪನ ಎದುರಿನಿಂದ ಮಾಣಿ ಎದ್ದುಹೋದದ್ದರಲ್ಲಿ ತಪ್ಪೇನೂ ಇಲ್ಲ. ಫ್ರಾನ್ಸಿನ ತಿಬೋ ಡುಪ್ಲೆಸಿ 2010ರಲ್ಲಿ ಶುರುಮಾಡಿದ ಲಿಚೆಸ್ ಎಂಬ ತಾಣ ಜಾಹೀರಾತು, ಶುಲ್ಕ ಎರಡೂ ಇಲ್ಲದೆ ದೇಣಿಗೆಯಲ್ಲೇ ನಡೆಯುತ್ತದೆ. ಅಲ್ಲಿರುವುದು ಎಲೋ ಲೆಕ್ಕದ ಸುಧಾರಿತ ರೂಪ, ಗ್ಲಿಕೊ-2. ಹೊಸಬನಿಗೆ 1500 ಅಂಕ ಕೊಟ್ಟು ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಇಡುತ್ತಾರೆ, ಇವನನ್ನು ಇನ್ನೂ ಅಳೆದು ಮುಗಿದಿಲ್ಲ ಎಂಬ ಗುರುತಿಗೆ. ಮೊದಮೊದಲು ಸೋತರೆ ಅಂಕ ಧಡಧಡನೆ ಇಳಿಯುತ್ತದೆ. ಮುನಿಸಿಕೊಂಡು ಆಟ ಬಿಡುವುದು ಅಲ್ಲಿಯೇ. ಆ ತಾಣದ ಕೊರತೆ ಅದು ಎಂದೇ ನನ್ನ ಎಣಿಕೆ. ಆ ಸೋಲುಗಳನ್ನು ನುಂಗಿಕೊಂಡವನಿಗೆ ತನ್ನಷ್ಟೇ ಎಡವುವ, ತನ್ನ ಹಾಗೆಯೇ ಮಂತ್ರಿಯನ್ನು ಬಿಟ್ಟಿ ಕೊಟ್ಟು ತಲೆ ಚಚ್ಚಿಕೊಳ್ಳುವ ಎದುರಾಳಿ ಸಿಗುತ್ತಾನೆ. ಅವನು ಬ್ರೆಜಿಲ್‌ನವನೋ ಬೆಳಗಾವಿಯವನೋ, ಯಾರಿಗೆ ಬೇಕು?

ಅಲ್ಲಿನ ಒಗಟುಗಳ ಏರ್ಪಾಡು ಇನ್ನೂ ಚೆಂದ. ಜನ ನಿಜವಾಗಿ ಆಡಿದ ಆಟಗಳಿಂದಲೇ ಆಯ್ದವು ಅವು, ಒಗಟಿಗೂ ಆಟಗಾರನಂತೆ ರೇಟಿಂಗ್ ಇದೆ. ನೀವು ಬಿಡಿಸಿದರೆ ಒಗಟು ಸೋತ ಲೆಕ್ಕ. ಇನ್ನು ಆಟ ಮುಗಿದ ಮೇಲೆ ಸ್ಟಾಕ್‌ಫಿಶ್ ಎಂಬ ತಂತ್ರಾಂಶದಿಂದ ಪರೀಕ್ಷೆ ಮಾಡಿಸಿದರೆ, ಕೆಟ್ಟ ನಡೆಗೆ ಎರಡು ಪ್ರಶ್ನೆಚಿಹ್ನೆ ಬೀಳುತ್ತದೆ. ಬೇಕೆಂದರೆ ಅದೇ ಜಾಗಕ್ಕೆ ವಾಪಸು ತಂದು ನಿಲ್ಲಿಸಿ, ಬೇರೆ ನಡೆ ಹುಡುಕು ಎನ್ನುತ್ತದೆ. ಇಷ್ಟು ತಾಳ್ಮೆ ಯಾವ ದೊಡ್ಡಪ್ಪನಿಗೂ ಇರಲಿಕ್ಕಿಲ್ಲ.

ಹುಡುಗರಿಗೆ ಚೆಸ್‌ಗಿಂತ ರುಚಿ ಬಿಜಿಎಂಐ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದ ಮೇಲೆ 2021ರಲ್ಲಿ ಈ ಹೆಸರಿನಲ್ಲಿ ಬಂದ ಆಟ. ಬ್ರಾಂಜ್, ಸಿಲ್ವರ್, ಗೋಲ್ಡ್ ಎಂಬ ಮೆಟ್ಟಿಲುಗಳು ಅಲ್ಲೂ ಇವೆ. ಆದರೆ ಕೆಳಗಿನ ಮೆಟ್ಟಿಲಲ್ಲಿ ಎದುರಾಳಿಗಳ ನಡುವೆ ಕಂಪ್ಯೂಟರೇ ಆಡಿಸುವ ‘ಬಾಟ್’ಗಳು ಸೇರಿಕೊಂಡಿರುತ್ತವೆ. ಗುರಿ ಹಿಡಿಯಲು ಬಾರದವನಿಗೂ ನಾಲ್ಕಾರು ‘ಕಿಲ್’ ದಕ್ಕುತ್ತದೆ. ಕೈ ಪಳಗುವುದು ನಿಜ, ತಾನು ಶೂರ ಎಂಬ ಭ್ರಮೆಯೂ ಜೊತೆಗೇ ಬರುತ್ತದೆ. ಯಕ್ಷಗಾನ ಮೇಳಗಳಲ್ಲಿ ಹಿಂದೆ ಹೊಸಬನನ್ನು ಪೂರ್ವರಂಗದ ಕೋಡಂಗಿ, ಬಾಲಗೋಪಾಲರಲ್ಲಿ ಕುಣಿಸಿಯೇ ಮುಂದಿನ ವೇಷಕ್ಕೆ ಬಿಡುತ್ತಿದ್ದರು. ತಾನಿನ್ನೂ ಕೋಡಂಗಿ ಎಂಬುದು ಅವನಿಗೂ ಗೊತ್ತಿತ್ತು, ಸಭೆಗೂ ಗೊತ್ತಿತ್ತು. ಬಾಟ್‌ಗಳನ್ನು ಹೊಡೆದುರುಳಿಸಿದವನಿಗೆ ಅದನ್ನು ಯಾರೂ ಹೇಳುವುದಿಲ್ಲ.

‘ಆನ್‌ಲೈನ್ ಗೇಮ್ ಬ್ಯಾನ್ ಆಗಿದೆಯಲ್ಲ’ ಎನ್ನುವ ಪಾಲಕರಿಗೆ ಒಂದು ಮಾತು: 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ತಡೆದದ್ದು ಹಣ ಕಟ್ಟಿ ಆಡುವ ಆಟಗಳನ್ನು. ಬಿಟ್ಟಿ ಆಡುವ ಚೆಸ್‌ಗೆ ಅಡ್ಡಿಯಿಲ್ಲ.

ಅಡ್ಡಿ ಮಾಡುವುದು ಮಳೆಗಾಲ. ಲೈನಿನ ಮೇಲೆ ಮರ ಬಿತ್ತೆಂದರೆ ಮನೆಯ ಮೋಡೆಮ್ ಸತ್ತಿತು. ಗೆಲ್ಲುವ ಆಟದಲ್ಲೂ ಗಡಿಯಾರ ಓಡುತ್ತಲೇ ಇರುತ್ತದೆ. ‘ಕರೆಂಟು ಹೋತು’ ಎಂಬ ಸಬೂಬನ್ನು ಗ್ಲಿಕೊ ಕೇಳುವುದಿಲ್ಲ. ಇದಕ್ಕೆ ಹಿಂದಿನ ಕಾಗದದ ಚೆಸ್‌ನಂಥ ನಿಧಾನದ ಆಟ ಇದೆ: ಒಂದು ನಡೆಗೆ 1ರಿಂದ 14 ದಿನದ ತನಕ ಗಡುವು. ತೋಟಕ್ಕೆ ಕೊಳೆ ಔಷಧಿ ಹೊಡೆದು ಬಂದು, ನೆಟ್‌ವರ್ಕ್ ಸಿಕ್ಕಾಗ ಒಂದು ಕುದುರೆ ನಡೆಸಿದರಾಯಿತು.

ಆದರೆ ಮಕ್ಕಳ ಬೆರಳು ಹೋಗುವುದು ಒಂದು ನಿಮಿಷದ ‘ಬುಲೆಟ್’ ಆಟಕ್ಕೆ. ಅಲ್ಲಿ ಚುರುಕಾಗುವುದು ಬೆರಳು ಮಾತ್ರ. ಮಣೆಯೆದುರು ಎರಡು ತಾಸು ಕೂರಬೇಕಾದ ಟೂರ್ನಿಗೆ ಅದು ಸಾಲದು. ಹೊಸಬರಿಗೆ 10 ನಿಮಿಷದ ಆಟ ಸರಿ. ದಿನಕ್ಕೆರಡು ಆಡಿ, ಸೋತದ್ದನ್ನು ಒಮ್ಮೆ ಮೊದಲಿಂದ ನಡೆಸಿ ನೋಡಿದರೆ ಸಾಕು.