ಪಹಣಿಯಲ್ಲಿ ಇಲ್ಲದವರ ಬರ

ಹೊಲ ಒಣಗಿದರೆ ಬರ ಅಂತೀವಿ. ಹೊಲವೇ ಇಲ್ಲದವರ ಬರಕ್ಕೆ ಏನಂತ ಕರೆಯೋದು?

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದ್ದು. ಉದ್ದು, ಹೆಸರು, ತೊಗರಿ, ಈಗೀಗ ಎಲ್ಲೆಡೆ ಸೋಯಾ. ಮುಂಗಾರಿ ಕೈಕೊಟ್ಟರೆ ಹೊಲದವನ ಬೆಳೆ ಹೋಗುತ್ತದೆ. ಕೇರಿಯ ಹೆಣ್ಣುಮಗಳಿಗೆ ಕಳೆ ಕೂಲಿ, ರಾಶಿ ಕೂಲಿ, ಆಡಿನ ಮೇವು ಎಲ್ಲವೂ ಒಟ್ಟಿಗೇ ಹೋಗುತ್ತವೆ. ಬರದ ವರ್ಷ ನಾನು ಹಾಜರಿ ಕೂಗುವಾಗ ಮೊದಲು ಉತ್ತರ ನಿಲ್ಲುವುದು ಆ ಮನೆಗಳ ಹುಡುಗರದು. ಹೈದರಾಬಾದಿಗೆ ಗುಳೆ ಹೋಗಿರುತ್ತಾರೆ.

2023ರಲ್ಲಿ ಸರಕಾರ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಿತು. ಬೆಳೆಹಾನಿ ಪರಿಹಾರ ಸೇರುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಪಾಲಿಗೆ ಹೊಲ ಮಾಡಿದವನು ಬೀಜ, ಗೊಬ್ಬರಕ್ಕೆ ಸಾಲ ತಂದಿದ್ದರೂ ಅವನ ಹೆಸರು ಅಲ್ಲಿಲ್ಲ. 1974ರ ಭೂಸುಧಾರಣೆ ಗೇಣಿಯನ್ನು ರದ್ದು ಮಾಡಿತು. ಪಾಲು ಬಾಯಿಮಾತಿನಲ್ಲಿ ಉಳಿಯಿತು. ಉಳುವವನಿಗಾಗಿ ಬಂದ ಕಾಯ್ದೆಯ ನೆರಳಲ್ಲೇ ಉಳುವವನು ಮರೆಯಾದ.

ಸಾಹಿತ್ಯ ಇದಕ್ಕಿಂತ ಬೇರೆ ಏನು ಮಾಡಿದೆ? ಅನಂತಮೂರ್ತಿಯವರ 'ಬರ' ಕತೆಯ ನಡುವೆ ನಿಂತವನು ಜಿಲ್ಲಾಧಿಕಾರಿ. ಅವನ ತಳಮಳ ಪ್ರಾಮಾಣಿಕವಾದದ್ದೇ, ನನಗೆ ತಕರಾರಿಲ್ಲ. ಆದರೆ ಅವನ ಬಂಗಲೆಯಿಂದ ನೋಡಿದರೆ ಜನ ಒಂದು ಗುಂಪಾಗಿ ಕಾಣುತ್ತಾರೆ. ಗುಂಪಿನೊಳಗೆ ಯಾರ ಬಾವಿ, ಯಾರ ಕೊಡ ಅನ್ನುವುದು ಕಾಣೋದಿಲ್ಲ.

ಈಗ ವರದಿಗಳಲ್ಲಿ 'ಸಮುದಾಯದ ತಾಳಿಕೆ' ಅನ್ನುವ ಹೊಗಳಿಕೆ ಬಂದಿದೆ. ತಾಳಿಕೊಳ್ಳೋದು ನಮ್ಮವರಿಗೆ ಯಾರೂ ಕಲಿಸಬೇಕಿಲ್ರಿ. ಯಾವುದರ ಮೇಲೆ ಕಾಲೂರಿ ತಾಳಬೇಕು, ಅದನ್ನು ಹೇಳಲಿ.

ಹುಮನಾಬಾದಿನಿಂದ ಹೈದರಾಬಾದಿನ ಹಾದಿ ಹಿಡಿದರೆ ಗಡಿಯಾಚೆ ಜಹೀರಾಬಾದ್. ಅಲ್ಲಿ 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಬಹುತೇಕ ದಲಿತ ಹೆಂಗಸರು. ಹೊಲ ಗೇಣಿಗೆ ಹಿಡಿದು ಗುಂಪಾಗಿ ಮಾಡಿದರು. ಜೋಳ, ನವಣೆ, ತೊಗರಿ ಕೂಡಿಸಿ ಬಿತ್ತಿದರು, ಒಂದು ಹೋದರೆ ಇನ್ನೊಂದು ಕೈಗೆ ಬರಲಿ ಅಂತ. ಬೀಜ ತಮ್ಮ ಬುಟ್ಟಿಯದೇ. 1990ರ ದಶಕದಲ್ಲಿ ಬೀಳು ಹೊಲ ಉಳಲು ಸಾಲ ಕೊಟ್ಟು, ಅದನ್ನು ಜೋಳದಲ್ಲೇ ತೀರಿಸಿಕೊಂಡು, ಬಡವರಿಗೆ ಕಡಿಮೆ ಬೆಲೆಗೆ ಹಂಚುವ ಧಾನ್ಯ ನಿಧಿ ಕಟ್ಟಿದರು. ಯಾರು ಬಡವರು ಅನ್ನುವುದನ್ನು ಆ ಹೆಂಗಸರೇ ಊರಲ್ಲಿ ಕೂತು ನಿಶ್ಚಯಿಸಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ನನಗೆ ಪ್ರಶಸ್ತಿಗಿಂತ ಆ ಪಟ್ಟಿ ದೊಡ್ಡದಾಗಿ ಕಾಣುತ್ತದೆ.

ಹುಮನಾಬಾದಿನ ಕಡೆಯೂ ಅಂಥದೇ ಕೆಂಪು ಮಣ್ಣು. ಪಾಲಿನವರ, ಕೂಲಿಯವರ ಹೆಸರನ್ನು ಗ್ರಾಮಸಭೆಯಲ್ಲಿ ಓದಿ ಬರೆಸುವುದರಿಂದ ನಾವೂ ಶುರು ಮಾಡಬಹುದು. ಆದರೆ ಹೆಸರು ಬರೆಸಿದರೆ ಮುಂದಿನ ಯುಗಾದಿಗೆ ಹೊಲದವನು ಪಾಲು ಕೊಡಲಿಕ್ಕಿಲ್ಲ ಅನ್ನುವ ಅಂಜಿಕೆ ಕೇರಿಯಲ್ಲಿದೆ. ಆ ಅಂಜಿಕೆ ಸುಳ್ಳಲ್ಲ.