ಹೆಬ್ಬಾಳದ ಹೊಗೆಗೆ ಕರವಸ್ತ್ರ ಸಾಲದು

ಬೆಂಗಳೂರಿನ ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಗೆ ಹೊರವರ್ತುಲ ರಸ್ತೆ ಕೂಡುತ್ತದೆ. ಮೇಲ್ಸೇತುವೆಯಿದ್ದರೂ ಹಲವು ದಿಕ್ಕಿನ ವಾಹನಗಳು ಕೆಲವೇ ಸಾಲುಗಳಿಗೆ ಇಳಿಯುವಲ್ಲಿ ದಟ್ಟಣೆ ತಪ್ಪದು. ಇಲ್ಲಿ ದಿನವೂ ಕಾಯುವ ಸ್ಕೂಟರ್ ಸವಾರರು ಉಸಿರಾಡುವುದು ಮುಂದಿನ ವಾಹನದ ಹೊಗೆಯನ್ನು.

ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಆಯಾಸಕ್ಕೆ ಇದೂ ಕಾರಣವಾಗಬಹುದು. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉಬ್ಬಸ, ಹೃದ್ರೋಗಗಳನ್ನು ಉಲ್ಬಣಿಸುತ್ತವೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರಲ್ಲಿ ಸಾರಿದೆ.

ಕರವಸ್ತ್ರ ದಪ್ಪ ದೂಳನ್ನು ತಡೆದೀತು, ಈ ಸಣ್ಣ ಕಣಗಳನ್ನಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮುಖಗವಸು ಮೇಲು. ಆದರೆ ಅದೂ ಅನಿಲವನ್ನು ತಡೆಯದು. ಆದ್ದರಿಂದ ಬಸ್ಸು, ಲಾರಿಗಳ ಹಿಂದೆ ಒತ್ತಿ ನಿಲ್ಲಬೇಡಿ. ವಾಹನ ನಿಂತಾಗ ಎಂಜಿನ್ ಆರಿಸಿ. ಕಾರಿನವರು ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವಂತೆ ಮಾಡಿಕೊಳ್ಳಿ.

ಉಬ್ಬಸವಿರುವವರು ಇನ್‌ಹೇಲರನ್ನು ಸ್ಕೂಟರಿನ ಡಿಕ್ಕಿಯಲ್ಲಲ್ಲ, ಜೇಬಿನಲ್ಲೇ ಇಟ್ಟುಕೊಳ್ಳಿ. ಅದರಿಂದಲೂ ಉಸಿರಾಟ ಹಗುರಾಗದಿದ್ದರೆ ಅಥವಾ ಎದೆನೋವು ಕಾಣಿಸಿದರೆ, ದಟ್ಟಣೆ ಕರಗಲೆಂದು ಕಾಯದೆ ವಾಹನವನ್ನು ಬದಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಿ.